ಆಣೆ ಇಡದ ಕೈ

ಇಸ್ತ್ರಿಪೆಟ್ಟಿಗೆಯ ಕೆಂಪು ದೀಪ ಇನ್ನೂ ಉರಿಯುತ್ತಿದೆ, ಸಾಹೇಬರ ಬಿಳಿ ಅಂಗಿ ಅರ್ಧಕ್ಕೇ ನಿಂತಿದೆ, ಸುಟ್ಟರೆ ಅದೂ ತನ್ನ ತಲೆಗೇ ಬರುತ್ತದೆ ಅಂದುಕೊಂಡಳು ಜೀವರತ್ನ, ಆದರೆ ಹೋಗಿ ಆರಿಸಲು ಕಾಲು ಏಳಲಿಲ್ಲ — ಎದುರಿಗೆ ಊಟದ ಮೇಜು, ಮೇಜಿನ ಮೇಲೆ ಅವಳದೇ ಬೈಬಲ್, ರಟ್ಟಿಗೆ ಅರಿಶಿನದ ಕಲೆ, ಆಚೆ ಬದಿಗೆ ಯಾಮಿನಿ ಮೇಡಂ, ಅವರ ಗಂಡ ಮಧುಸೂದನ್ ಸಾಹೇಬರು, ಮೈಸೂರಿನಿಂದ ಬಂದಿರುವ ಅತ್ತೆ ಸರಸಮ್ಮ, ಆ ಅತ್ತೆಯ ಎಡಗೈಯಲ್ಲಿ ಎರಡು ಚಿನ್ನದ ಬಳೆ, ಬಲಗೈಯಲ್ಲಿ ಒಂದೇ. ಮುಟ್ಟಿ ಹೇಳಿಬಿಡು ಜೀವಾ, ಬಳೆ ತಗೊಂಡಿಲ್ಲ ಅಂತ, ಅಷ್ಟೇ, ಖಲಾಸ್, ಅನ್ನುತ್ತಿದ್ದಾರೆ ಮೇಡಂ. ಅಡುಗೆಯ ಲಿಜ್ಜಿಯದು ಆಗಲೇ ಮುಗಿಯಿತು, ಕೇಳುವ ಮೊದಲೇ ಜಪಸರ ಕಣ್ಣಿಗೊತ್ತಿಕೊಂಡು ದೇವಮಾತೆಯ ಆಣೆಗೂ ನಾನು ಕಂಡದ್ದೇ ಇಲ್ಲ ಅಮ್ಮ ಎಂದು ಹೇಳಿ ಒಗ್ಗರಣೆಗೆ ಹೋದಳು, ಇಂಗಿನ ವಾಸನೆ ಇಲ್ಲಿಯ ತನಕ ಬರುತ್ತಿದೆ. ಕದ್ದಿಲ್ಲ ಅಂದ್ಮೇಲೆ ಆಣೆ ಇಡೋಕೆ ಇವಳಿಗೇನು ದಾಡಿ, ಎಂದರು ಸರಸಮ್ಮ, ಅದೇನೋ ಮೆನ್ನೊನೈಟ್ ಪಂಗಡ ಅಂತೆ, ಲಿಜ್ಜಿಗಿಲ್ಲದ ಏಸು ಇವಳಿಗೊಬ್ಬಳಿಗೇ ಇರೋದಾ.

ಕೈ ಎತ್ತಿ ಇಟ್ಟುಬಿಟ್ಟರೆ ಯಾರಿಗೆ ತಿಳಿಯುತ್ತದೆ, ಕುವೈತಿನ ಈ ಹವಲ್ಲಿಯ ನಾಲ್ಕನೇ ಮಹಡಿಯಲ್ಲಿ, ಏಸಿಯ ಸದ್ದಿನಲ್ಲಿ — ನಾಳೆ ಶುಕ್ರವಾರ ಅಬು ಹಲೀಫಾದ ಪ್ರಾರ್ಥನೆಯ ಸಣ್ಣ ಕೋಣೆಯಲ್ಲಿ ಹನ್ನೊಂದು ಮಂದಿ ಚಾಪೆಯ ಮೇಲೆ ಕೂತಿರುತ್ತಾರೆ, ವಾಕ್ಯ ಓದಿ ಬಿಡಿಸಿ ಹೇಳುವ ಸರದಿ ತನ್ನದು, ಮಂಗಳವಾರವೇ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾಳೆ, ಆಣೆ ಇಟ್ಟರೆ ಉಳಿದ ಹೊತ್ತಿನ ನಮ್ಮ ಮಾತೆಲ್ಲ ಸುಳ್ಳೆಂದು ನಾವೇ ಒಪ್ಪಿಕೊಂಡಂತೆ, ಅದಕ್ಕೇ ನಮ್ಮ ಸಭೆಯವರು ಯಾವುದರ ಮೇಲೂ ಆಣೆ ಇಡುವುದಿಲ್ಲ. ಎಷ್ಟು ಚಂದ ಬರೆದಿದ್ದಳು, ಅಡಿಗೆರೆ ಬೇರೆ. ರಾಯಚೂರು ಸೀಮೆಯ ತನ್ನೂರಿನ ಪಂಚಾಯಿತಿ ಕಟ್ಟೆಯ ಮುಂದೆ ಅಜ್ಜಿ ನಿಂತದ್ದು ಹೀಗೇ, ಎಮ್ಮಿ ನಂದೈತ್ರಿ, ಆಣಿ ಗೀಣಿ ಇಡಂಗಿಲ್ಲ, ಹೌದಂದ್ರ ಹೌದು, ಅದರ ಮ್ಯಾಲ ಏನ್ ಹೇರ್ಲಿ ಎಂದಳು, ನಿಂಗ್ ಆಣಿ ಇಡಾಕ ಬರಂಗಿಲ್ಲಂದ್ರ ಎಮ್ಮಿ ನಿಂದಲ್ಲ ಬಿಡಬೇ ಎಂದರು ಹಿರಿಯರು, ಹಗ್ಗ ಎಳೆದುಕೊಂಡರು, ಅಜ್ಜಿ ಬಿಡಲಿಲ್ಲ, ಹಗ್ಗವೇ ಜಾರಿತು, ಅಂಗೈಯಲ್ಲಿ ಅಡ್ಡಕ್ಕೆ ಒಂದು ಕೆಂಪು ಗೆರೆ. ಮನೆಗೆ ಬಂದು ಮೊಮ್ಮಗಳಿಗೆ ಉಣಿಸಿದ್ದು ಆ ಕೈಯಲ್ಲೇ, ಮಜ್ಜಿಗೆಯಿಲ್ಲದ ಬರೀ ನುಚ್ಚು.

ಆದರೆ ಅಜ್ಜಿಯ ಹೌದು ಹೌದೇ ಆಗಿತ್ತು. ತನ್ನದು? ಬೆಳಗ್ಗೆ ಮೇಡಂ ಬಚ್ಚಲ ಬಾಗಿಲಲ್ಲಿ ನಿಂತು ಅತ್ತೆ ಬಳೆ ಎಲ್ಲಾದ್ರೂ ನೋಡಿದ್ಯಾ ಎಂದಾಗ, ಇಲ್ರೀ, ನೋಡಿಲ್ರೀ — ಎಷ್ಟು ಬೇಗ ಬಂತು ಬಾಯಿಗೆ, ಹೆದರಿಕೆಗೆ, ನೋಡಿದ್ದೆ ಅಂದರೆ ಕದ್ದೆ ಅಂದಂತೆ ಎಂಬ ಹೆದರಿಕೆಗೆ. ನೋಡಿದ್ದಳು. ನಿನ್ನೆ, ಬುಧವಾರ, ಕೈತೊಳೆಯುವ ಬೇಸಿನ್ನಿನ ಅಂಚಿನಲ್ಲಿ, ಸೋಪಿನ ಪಕ್ಕ, ನೀರಿನ ಹನಿ ಕೂತಿತ್ತು ಅದರ ಮೇಲೆ, ಹೇಳಬೇಕು ಅಂದುಕೊಂಡಳು, ಅಷ್ಟರಲ್ಲಿ ಕುಕ್ಕರ್ ಕೂಗಿತು, ಮರೆತೇಹೋಯಿತು. ಈಗ ಅಜ್ಜಿಯ ಹಾಗೆ ಸೆಟೆದು ನಿಂತಿದ್ದಾಳೆ, ನಮ್ಮ ಮಾತೇ ಸಾಕು ಎಂದು, ಆ ಮಾತಿನ ಹೊಟ್ಟೆಯೊಳಗೇ ಹುಳ. ನಿಜ ಹೇಳಿದರೆ ಕೆಲಸ ಹೋದೀತು, ಪೊಲೀಸ್ ಠಾಣೆ, ಇಲ್ಲಿರಲು ಕೊಟ್ಟ ಇಕಾಮಾ ರದ್ದು, ಪಾಸ್‌ಪೋರ್ಟ್ ಇವರ ಬೀರುವಿನಲ್ಲೇ ಇದೆ. ಹೇಳದಿದ್ದರೆ ನಾಳೆ ಆ ಚಾಪೆಯ ಮೇಲೆ ಯಾವ ಬಾಯಿಂದ ಓದುವುದು, ಬೆರಳು ಬೈಬಲಿನ ಅಂಚಿನ ತನಕ ಹೋಗಿದೆ, ಹೂಂ ಇಡು, ಎಂದರು ಸರಸಮ್ಮ.

ಜೀವರತ್ನ ಕೈ ಹಿಂದಕ್ಕೆಳೆದುಕೊಂಡಳು. ಬೆಳಿಗ್ಗಿ ನಾ ಸುಳ್ಳು ಹೇಳಿದ್ನಿರೀ ಮೇಡಂ, ನಿನ್ನಿ ಬೇಸಿನ್ ಮ್ಯಾಲ ಬಳಿ ನೋಡಿದ್ದೆ, ತಗೊಂಡಿಲ್ಲ. ಯಾರ ದನಿ ಅದು, ತನ್ನದೇ, ಇಷ್ಟು ಸಣ್ಣದು. ನೋಡಿದ್ಯಾ, ಎಂದರು ಸರಸಮ್ಮ, ನಾನು ಹೇಳ್ಲಿಲ್ವಾ ಯಾಮಿನಿ. ಮೇಡಂ ಮುಖ ಪಕ್ಕಕ್ಕೆ ತಿರುಗಿಸಿದರು. ಸಾಹೇಬರು ಕೈ ಚಾಚಿದರು, ನಿನ್ನ ಸಿವಿಲ್ ಐಡಿ ಕೊಡು — ಕೊರಳ ದಾರದಲ್ಲಿ ತೂಗುವ ಕಾರ್ಡು, ಅವಳು ಬಿಚ್ಚಲಿಲ್ಲ, ದಾರವನ್ನೇ ಬಿಗಿಯಾಗಿ ಹಿಡಿದಳು, ಅವರೇ ಎಳೆದರು, ದಾರ ಕಿತ್ತು ಅಂಗೈಯಲ್ಲಿ ಸರ್ರನೆ ಜಾರಿತು, ಇಸ್ತ್ರಿಯ ವಾಸನೆ, ಬಟ್ಟೆ ಕರಗುವ ವಾಸನೆ, ಯಾರೋ ಏನೋ ಕೂಗುತ್ತಿದ್ದಾರೆ, ಅಂಗೈ ತೆರೆದಳು, ಅಡ್ಡಕ್ಕೆ ಒಂದು ಕೆಂಪು ಗೆರೆ, ಕೆಂಪು ಗೆರೆ, ಗೆರೆ —