ರೈಸ್‌ವೈಕ್‌ನಲ್ಲಿ ಓಡಿದ ತಾಳ

ರುದ್ರಪ್ಪನ ಕೈಗೆ ಒಂದು ರೋಗವಿತ್ತು. ಡಾಕ್ಟರ ಗುಳಿಗೆಗೆ ಬಗ್ಗುವ ರೋಗವಲ್ಲ ಅದು, ಭಜನೆಯ ರೋಗ. ಮುದ್ದೇಬಿಹಾಳದ ಕಡೆಯ ಮೇಳದಲ್ಲಿ ಮೀಸೆ ಮೂಡುವ ಮೊದಲೇ ತಾಳ ಹಿಡಿದವನು. ಅಲ್ಲಿ ಪದ ನಿಧಾನಕ್ಕೆ ಎದ್ದು, ಮೆಲ್ಲಗೆ ಏರಿ, ಕೊನೆಗೆ ಕೂತವರ ತಲೆಯ ಟೊಪ್ಪಿಗೆ ಜಾರಿ ಬೀಳುವಷ್ಟು ಜೋರಾಗಬೇಕು. ಏರದಿದ್ದರೆ ಅದು ಭಜನೆಯೇ ಅಲ್ಲ, ಶಾಲೆಯ ಮಗ್ಗಿ. ಹೀಗೆ ಏರಿಸಿ ಏರಿಸಿ ಪಳಗಿದ ಕೈ ನೆದರ್‌ಲೆಂಡ್ಸಿಗೆ ಬಂದು, ನೀರೆತ್ತುವ ಪಂಪುಗಳ ಎಂಜಿನಿಯರನ ಕೈಯಾಗಿ, ವರ್ಷಗಟ್ಟಲೆ ಬರೀ ಮೌಸ್ ಹಿಡಿದುಕೊಂಡು ತೆಪ್ಪಗಿತ್ತು. ಅದನ್ನು ಬಡಿದೆಬ್ಬಿಸಿದವನು ಪಕ್ಕದ ಮನೆಯ ಒಬಿಯೋರಾ.

ಒಬಿಯೋರಾ ನೈಜೀರಿಯಾದ ಇಗ್ಬೋ ಜನದವನು, ರೈಸ್‌ವೈಕ್‌ನಲ್ಲಿ ಹಲ್ಲಿನ ಡಾಕ್ಟರು. ಶನಿವಾರ ಬಂತೆಂದರೆ ನಾಲ್ಕೈದು ಗೆಳೆಯರನ್ನು ಸೇರಿಸಿಕೊಂಡು ತನ್ನ ನಾಡಿನ ಹೈಲೈಫ್ ನುಡಿಸುತ್ತಿದ್ದ. ಹೈಲೈಫ್ ಎಂದರೆ ಅವರ ತಂದೆತಾಯಿಗಳ ಕಾಲದ ಕುಣಿತದ ಸಂಗೀತ. ಗಿಟಾರು ಕಟ್ಟೆಯ ಮೇಲೆ ಹರಟೆ ಹೊಡೆಯುವವರ ಹಾಗೆ ಸುತ್ತಿ ಸುತ್ತಿ ಬರುತ್ತದೆ, ನಡುವೆ ತುತ್ತೂರಿ ಬಾಯಿ ಹಾಕುತ್ತದೆ, ಹಾಡುವವನು ಬೇಕಾದವರ ಹೆಸರು ಹಿಡಿದು ಕರೆದು ಹೊಗಳುತ್ತಾನೆ. ಇಷ್ಟಕ್ಕೂ ಅಡಿಪಾಯ ಒಂದು ಕಬ್ಬಿಣದ ಜೋಡಿಗಂಟೆ. ಎರಡು ಬಾಯಿ, ಬಡಿಯಲಿಕ್ಕೆ ಒಂದು ಕೋಲು. ಒಗೆನೆ ಎನ್ನುತ್ತಾರೆ ಅದಕ್ಕೆ. ಗೋಡೆಯಾಚೆಯಿಂದ ಅದರ ಸದ್ದು ಕೇಳಿದ ಮೊದಲ ದಿನ ರುದ್ರಪ್ಪ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದುಬಿಟ್ಟ.

"ಏನಾತ್ರೀ?" ಎಂದಳು ಹೆಂಡತಿ ವೈಶಾಲಿ.

"ಏ, ಯಾರೋ ತಾಳಾ ಬಡೀಯಾಕತ್ತಾರ, ಕೇಳಿಲ್ಲಿ!"

ಎಂಜಲು ಕೈಯಲ್ಲೇ ಹೋಗಿ ಬಾಗಿಲು ತಟ್ಟಿದವನು ವರ್ಷದೊಳಗೆ ಆ ತಂಡದ ಗಂಟೆಯವನಾದ. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಹೈಲೈಫ್ ಏರುವ ಸಂಗೀತವಲ್ಲ. ಹೊರಟ ನಡಿಗೆಯಲ್ಲೇ ಅರ್ಧ ತಾಸು ನಡೆಯುತ್ತದೆ, ಅದರಲ್ಲೇ ಅದರ ಸುಖ. ರುದ್ರಪ್ಪನೋ, ಹಾಡು ಕಾವೇರಿತೆಂದರೆ ಸಾಕು, ಹಗ್ಗ ಬಿಚ್ಚಿದ ಕರು. ಒಬಿಯೋರಾ ನಗುತ್ತಲೇ ಬೈಯುತ್ತಿದ್ದ, ಇವನು ನಾಚಿಕೆಯಿಂದ ಮತ್ತೆ ಮೊದಲಿನಿಂದ ಹಿಡಿಯುತ್ತಿದ್ದ. ಶನಿವಾರದ ಹುಡುಗಾಟಿಕೆಗೆ ಅದೇನೂ ದೊಡ್ಡ ಮಾತಾಗಿರಲಿಲ್ಲ.

ಮೇ ತಿಂಗಳಲ್ಲಿ ಒಬಿಯೋರಾನ ತಾಯಿ ತೀರಿಕೊಂಡಳು. ಒಯಿರಿದಿಯಾ ಎಂದು ಅವಳ ಹೆಸರು, ತುಂಬು ಬಾಳು ಬಾಳಿದ ಮುದುಕಿ. ಅವರಲ್ಲಿ ಅಂಥವರನ್ನು ಮಣ್ಣು ಮಾಡುವುದೆಂದರೆ ಒಂದು ಜಾತ್ರೆಯೇ. ಮಕ್ಕಳು ಸಂಗೀತ ತರಬೇಕು, ಅದಕ್ಕೆ ಆ ಮನೆತನದ ಹೆಣ್ಣುಮಕ್ಕಳು ಎದ್ದು ಕುಣಿಯಬೇಕು. ಕುಣಿದರೆ ಸತ್ತವಳಿಗೆ ಗೌರವ. ಕೂತಲ್ಲೇ ಕೂತರೆ, ಮಗ ತಾಯಿಯನ್ನು ಬರಿದೇ ಕಳಿಸಿದ ಎಂದು ಊರು ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತದೆ. ಒಬಿಯೋರಾನಿಗೆ ಹೋಗುವ ಹಾಗಿರಲಿಲ್ಲ. ವಾಸದ ಕಾರ್ಡಿನ ಅವಧಿ ಮುಗಿದಿತ್ತು, ಹೊಸದು ಬಂದಿರಲಿಲ್ಲ. ಈ ನಡುವೆ ದೇಶ ಬಿಟ್ಟರೆ ಹೆಂಡತಿ ಮಕ್ಕಳಿದ್ದಲ್ಲಿಗೆ ಮರಳಲಾಗದೆ ಹೋದೀತೆಂಬ ಭಯ. ಅದಕ್ಕೇ ರೈಸ್‌ವೈಕ್‌ನಿಂದ ತಂಡ ನುಡಿಸುವುದು, ವಿಡಿಯೊ ಕರೆಯಲ್ಲಿ ಅದು ಊರಿನ ಪೆಂಡಾಲಿನ ದೊಡ್ಡ ಸ್ಪೀಕರುಗಳಲ್ಲಿ ಕೇಳುವುದು ಎಂದು ಗೊತ್ತುಮಾಡಿದರು.

"ಬ್ರದರ್, ಆ ಹೆಂಗಸರಿಗೆಲ್ಲ ಹಿರಿಯಳು ನನ್ನ ಸೋದರತ್ತೆ ಉಗೋಯೆ," ಎಂದ ಒಬಿಯೋರಾ. "ತಾನು ಬರುವ ಬದಲು ಫೋನು ಕಳಿಸಿದ ಮಗನನ್ನು ಇದೇ ಮೊದಲು ನೋಡಿದ್ದು ಅಂದಳಂತೆ. ಅವಳನ್ನು ಎಬ್ಬಿಸೋದು ಸುಲಭ ಅಲ್ಲ. ನೀನು ನನಗೆ ಒಂದೇ ಉಪಕಾರ ಮಾಡು, ಓಡಬೇಡ." ಈ ಸಲ ಅವನು ನಗಲಿಲ್ಲ.

ಮಣ್ಣಿನ ದಿನ, ಶುಕ್ರವಾರ ಮಧ್ಯಾಹ್ನ, ಬಡಾವಣೆಯ ಸಭಾಂಗಣದಲ್ಲಿ ಎಲ್ಲ ಸೇರಿದರು. ವೈಶಾಲಿ ಮಗಳು ಸ್ಪಂದನಾಳನ್ನು ಕರೆದುಕೊಂಡು ಬಂದು ಮುಂದೆಯೇ ಕೂತಳು. ಗೋಡೆಯ ಮೇಲಿನ ತೆರೆಯಲ್ಲಿ ಊರು ಕಾಣಿಸಿತು: ಕೆಂಪು ಮಣ್ಣಿನ ಅಂಗಳ, ಪೆಂಡಾಲು, ಒಂದೇ ಥಾನಿನ ಬಟ್ಟೆ ಉಟ್ಟ ಹೆಂಗಸರು, ಎಲ್ಲರ ಮುಂದೆ ಬೀಸಣಿಗೆ ಹಿಡಿದ ಉಗೋಯೆ. ಆಕೆಯ ಮುಖವೋ, ಹೆಣ್ಣು ನೋಡಲು ಬಂದ ಗಂಡಿನ ಅಜ್ಜಿಯದು.

ಹಾಡು ಹೊರಟಿತು. ರುದ್ರಪ್ಪ ಹಲ್ಲು ಕಚ್ಚಿ, ಉಸಿರೂ ಗಟ್ಟಿಯಾಗಿ ಬಿಡದೆ, ಇದ್ದಲ್ಲೇ ಬಡಿದ. ಚೆನ್ನಾಗಿಯೇ ನಡೆಯಿತು. ಕುರ್ಚಿಗಳ ಕೆಳಗೆ ಹೆಂಗಸರ ಪಾದಗಳು ಆಡತೊಡಗಿದವು. ಒಬ್ಬಾಕೆ ಸೆರಗು ಬಿಗಿಯುವಂತೆ ಸೊಂಟದ ಬಟ್ಟೆ ಬಿಗಿದುಕೊಂಡು ಅರ್ಧ ಎದ್ದಳು. ಉಗೋಯೆಯ ಬೀಸಣಿಗೆ ನಿಂತಿತು.

ಆಗ ಒಬಿಯೋರಾ ತಾಯಿಯ ಹೆಸರು ಹಿಡಿದು ಕರೆಯಲು ಶುರುಮಾಡಿದ. ಆ ಭಾಷೆ ರುದ್ರಪ್ಪನಿಗೆ ಬರುವುದಿಲ್ಲ, ಆದರೆ 'ನ್ನೆ' ಎಂದರೆ ಅವ್ವ ಎಂಬುದು ಗೊತ್ತಿತ್ತು. ನ್ನೆ, ಒಯಿರಿದಿಯಾ, ನ್ನೆ ಎಂದು ಅವನು ಕರೆದಂತೆಲ್ಲ ರುದ್ರಪ್ಪನ ಕಣ್ಣಿಗೆ ತನ್ನ ಅವ್ವ ಶಿವಗಂಗವ್ವ ಕಟ್ಟಿದಳು: ಪಡಸಾಲೆಯಲ್ಲಿ ಕೂರಿಸಿದ ಹೆಣ, ಸುತ್ತ ಭಜನೆಯವರು, ಗೋಡೆಗೆ ಒರಗಿಸಿಟ್ಟ ಫೋನು, ಆ ಫೋನಿನಲ್ಲಿ ತಾನು. ದುಃಖ ಏರಿದರೆ ತಾಳವೂ ಏರಬೇಕೆಂದು ಕಲಿತ ಕೈ, ಕೇಳುತ್ತದೆಯೇ? ಓಡಿತು. ಗಂಟೆಯ ಬೆನ್ನು ಹತ್ತಿ ಡ್ರಮ್ಮು ಓಡಿತು, ತುತ್ತೂರಿ ಮುಗ್ಗರಿಸಿತು, ಒಬಿಯೋರಾನ ದನಿ ಹೆಸರಿನ ನಡುವೆಯೇ ಒಡೆಯಿತು.

"ಪಾಪಾ, ಟೂ ಫಾಸ್ಟ್! ಸ್ಟಾಪ್!" ಎಂದು ಸ್ಪಂದನಾ ಕೂಗಿದಳು.

ರುದ್ರಪ್ಪ ಗಕ್ಕನೆ ನಿಲ್ಲಿಸಿದ. ಉಳಿದವರೂ ನುಡಿಸುವುದನ್ನು ನಿಲ್ಲಿಸಿದರು. ಅರ್ಧ ಎದ್ದಿದ್ದಾಕೆ ಅತ್ತಿತ್ತ ನೋಡಿ ಕೂತುಬಿಟ್ಟಳು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವನಿಗೆ. ಯಾರದೋ ತಾಯಿಯ ಮಣ್ಣನ್ನು ತಾನು ಕೆಡಿಸಿದೆನಲ್ಲ! ಒಬಿಯೋರಾ ಗಿಟಾರಿನ ಮೇಲೆ ತಲೆ ಬಗ್ಗಿಸಿದ್ದ.

ತೆರೆಯಲ್ಲಿ ಉಗೋಯೆ ಎದ್ದು ನಿಂತಳು. ಪಕ್ಕದವನ ಕೈಯಿಂದ ಒಂದು ಜೋಡಿಗಂಟೆ ಕಸಿದುಕೊಂಡು ಫೋನಿನ ಕಡೆ ಏನೋ ಗದರಿದಳು. ಆಮೇಲೆ ತಾನೇ ಬಡಿಯತೊಡಗಿದಳು, ತುಂಬಿದ ಕೊಡ ಹೊತ್ತವಳ ನಡಿಗೆಯಲ್ಲಿ. ಕೂತಿದ್ದ ಹೆಂಗಸರೆಲ್ಲ ದನಿಗೂಡಿಸಿದರು.

ತಪ್ಪು ತಿದ್ದಿಕೊಳ್ಳುವ ಆತುರದಲ್ಲಿ ರುದ್ರಪ್ಪ ಕೋಲೆತ್ತಿದ. ಒಬಿಯೋರಾ ಅವನ ಮುಂಗೈ ಹಿಡಿದ.

"ಬೇಡ. ನಮ್ಮ ಸದ್ದು ಅಲ್ಲಿಗೆ ತಡವಾಗಿ ಮುಟ್ಟುತ್ತೆ, ಅವರ ಹಾಡು ಕೆಡುತ್ತೆ."

"ಆಕೆ ಏನಂದಳು?"

"ಗಿಟಾರ್ ಕೆಳಗಿಡು ಅಂದಳು. ನುಡಿಸೋಕೆ ಯಾರನ್ನಾದರೂ ಕರೆಸಬಹುದು, ಕುಣಿಯೋಕೆ ಮಗನೇ ಬೇಕು ಅಂದಳು."

ಅವನು ಗಿಟಾರು ಕೆಳಗಿಟ್ಟು ಊರಿಗೆ ಚಿತ್ರ ಕಳಿಸುತ್ತಿದ್ದ ಫೋನಿನ ಮುಂದೆ ಹೋದ. ಸೊಂಟ ಬಗ್ಗಿಸಿ, ಭುಜ ಕುಣಿಸಿ, ಕಣ್ಣೀರು ಗದ್ದದಿಂದ ತೊಟ್ಟಿಕ್ಕುತ್ತಿದ್ದರೂ ಒರೆಸಿಕೊಳ್ಳದೆ, ಆ ಹೆಂಗಸರ ದನಿಗೆ ಹೆಜ್ಜೆ ಹಾಕಿದ. ಹಲ್ಲಿನ ಡಾಕ್ಟರ ಗಾಂಭೀರ್ಯವೆಲ್ಲ ಎಲ್ಲಿ ಹೋಯಿತೋ! ಅದು ಅಲ್ಲಿಗೆ ಕಂಡದ್ದೇ ತಡ, ಪೆಂಡಾಲಿನ ಹೆಂಗಸರು ಒಬ್ಬರನ್ನು ನೋಡಿ ಒಬ್ಬರು ಎದ್ದರು. ಕೊನೆಗೆ ಒಂದು ಕುರ್ಚಿಯಲ್ಲೂ ಯಾರೂ ಉಳಿಯಲಿಲ್ಲ. ಕುಣಿಯುತ್ತ ಕುಣಿಯುತ್ತ ತಮ್ಮ ಕಡೆಯ ಫೋನಿನ ಹತ್ತಿರ ಬಂದು, ಅವನ ಹಣೆಯ ಬೆವರು ಒರೆಸುವವರಂತೆ ಗಾಜಿನ ಮೇಲೆ ಕೈಯಾಡಿಸಿದರು. ಒಯಿರಿದಿಯಾಳ ಮರ್ಯಾದೆ ಉಳಿಯಿತು.

ಹಾಡು ಮುಗಿದ ಮೇಲೆ ಏದುಸಿರು ಬಿಡುತ್ತಿದ್ದ ಉಗೋಯೆಯ ಮುಖ ತೆರೆಯ ತುಂಬ ಬಂತು. "ಕಬ್ಬಿಣ ಬಡಿದವನು ಯಾರು?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ರುದ್ರಪ್ಪ ಕಳ್ಳನಂತೆ ಮುಂದೆ ಹೋದ. "ತಪ್ಪಾಯಿತು ಅಮ್ಮಾ. ನನ್ನ ತಾಯಿ ನೆನಪಾದಳು, ಕೈ ನಿಲ್ಲಲಿಲ್ಲ."

ಆಕೆಯ ಮುಖ ಮೆತ್ತಗಾಯಿತು. "ಅಯ್ಯೋ ಮಗನೇ, ಯಾವಾಗ ತೀರಿಕೊಂಡಳು?"

"ಇಲ್ಲ, ಇದ್ದಾಳೆ. ಗಟ್ಟಿಯಾಗಿದ್ದಾಳೆ."

"ಇದ್ದಾಳಾ? ಮತ್ತೆ ನಿನ್ನ ಕಾರ್ಡೂ ಆಫೀಸಿನಲ್ಲಿ ಸಿಕ್ಕಿಕೊಂಡಿದೆಯಾ?"

"ಇಲ್ಲಮ್ಮಾ, ಎಲ್ಲ ಸರಿಯಾಗಿದೆ."

"ಅವಳನ್ನು ನೋಡಿ ಎಷ್ಟಾಯಿತು?"

"ನಾಲ್ಕು ವರ್ಷ."

ಮಾತು ಅಲ್ಲಿಗೆ ಮುಟ್ಟುವ ತನಕ ಉಗೋಯೆಯ ಮುಖ ಹಾಗೇ ಇತ್ತು. ಆಮೇಲೆ ಆಕೆ ಹಿಂದಿರುಗಿ ಹೆಂಗಸರಿಗೆ ಅದನ್ನು ತಮ್ಮ ಭಾಷೆಯಲ್ಲಿ ಹೇಳಿದಳು.

"ನನ್ನ ತಮ್ಮನ ಹೆಂಡತಿಯನ್ನು ಇವತ್ತು ಮಣ್ಣು ಮಾಡಿದೆವು," ಎಂದಳು ಉಗೋಯೆ. ದನಿಯಲ್ಲಿ ಸಿಟ್ಟಿರಲಿಲ್ಲ. "ಅವಳ ಮಗನಿಗೆ ಬರಲಾಗಲಿಲ್ಲ, ಅದಕ್ಕೆ ಅಲ್ಲಿ ಕುಣಿದ. ನಿನ್ನ ತಾಯಿ ಬದುಕಿ ಕೂತಿದ್ದಾಳೆ. ನೀನು ಅಲ್ಲಿ ಏನು ಮಾಡುತ್ತಿದ್ದೀಯ?"

ರುದ್ರಪ್ಪ ಬಾಯಿ ತೆರೆದ. ಮನೆ ಕೊಂಡ ಗದ್ದಲ, ಮಗಳ ಈಜಿನ ಪರೀಕ್ಷೆ, ಮುಗಿಯದ ಪಂಪಿನ ಪ್ರಾಜೆಕ್ಟು. ಪ್ರತಿ ಭಾನುವಾರ ಅವ್ವನಿಗೆ ನೀರು ಕುಡಿದಷ್ಟು ಸಲೀಸಾಗಿ ಹೇಳುತ್ತಿದ್ದ ನೆಪಗಳು. ಯಾರಾದರೂ ಕಾಪಾಡಿಯಾರೇ ಎಂದು ವೈಶಾಲಿಯ ಕಡೆ ತಿರುಗಿದ. ಅವಳಿಗೂ ವಿಜಯಪುರದಲ್ಲಿ ಒಬ್ಬ ತಾಯಿ ಇದ್ದಳು. ಅವಳು ಮೂಗು ಒರೆಸಿಕೊಳ್ಳುತ್ತಿದ್ದಳು.

"ನನ್ನ ಮಾರಿ ಏನ್ ನೋಡ್ತೀರಿ?" ಎಂದಳು. "ಆ ಅಮ್ಮಾರು ಕೇಳಾಕತ್ತಾರ, ಹೇಳ್ರಿ."