ತಾಂಬೊದ ಗೂಡಿನಲ್ಲಿ ಕುಚ್ಚಲಕ್ಕಿ

ಪೆರು ದೇಶದಿಂದ ಸುಕೇಶ್ ಕುವೈತಿನ ಖೈತಾನ್ ಬಡಾವಣೆಯ ಫ್ಲ್ಯಾಟಿಗೆ ಮರಳಿದ್ದು ಗುರುವಾರ. ಮರುದಿನ ರಜೆ. ಮಧ್ಯಾಹ್ನದ ಊಟದ ಹೊತ್ತಿಗೆ ಕಿಟಕಿ ಪಕ್ಕದ ಮಂಚದ ತೀರ್ಮಾನ ಆಗಬೇಕಿತ್ತು.

ಆ ಮಂಚ ಯಾರದ್ದೂ ಅಲ್ಲ. ಊರಿನಿಂದ ಹೊಸದಾಗಿ ಬಂದು ನೆಲೆ ಸಿಗದವರು ಅದರಲ್ಲಿ ಮಲಗಬಹುದು, ಮನೆಯಲ್ಲಿ ಇದ್ದದ್ದನ್ನು ಉಣ್ಣಬಹುದು. ಹೊರಡುವ ದಿನ ಮಾತ್ರ ಮುಂದೆ ಬರುವವರಿಗೆಂದು ಡಬ್ಬಿಗೆ ಒಂದಿಷ್ಟು ಅಕ್ಕಿ ಸುರಿದು ಹೋಗಬೇಕು. ಫ್ಲ್ಯಾಟಿನ ಹಿರಿಯ ಲೋಕಣ್ಣ ಇಪ್ಪತ್ತು ವರ್ಷದ ಹಿಂದೆ ಹಾಕಿದ ಕ್ರಮ ಅದು. ಈಗ ನಾಲ್ಕು ತಿಂಗಳಿಂದ ಅಲ್ಲಿ ಅಖಿಲ್ ಇದ್ದ. ಅವನನ್ನು ಕರೆಸಿಕೊಂಡ ಕಂಪನಿ ಬಾಗಿಲು ಹಾಕಿತ್ತು, ಇಕಾಮಾ, ಅಂದರೆ ಅಲ್ಲಿ ನೆಲೆಸುವ ಪರವಾನಗಿ, ಆಗಿರಲಿಲ್ಲ. ಮಂಚ ಹೋದರೆ ಅವನಿಗೆ ಬೀದಿಯೇ ಗತಿ. ಆದರೆ ಮಂಚ ಬಿಚ್ಚಿ ಅಲ್ಲಿ ದೊಡ್ಡ ಫ್ರಿಜ್ ಇಡೋಣ ಎಂದು ಜೊತೆಯಲ್ಲಿದ್ದ ವಿಲ್ಫ್ರೆಡ್ ಹಟ ಹಿಡಿದಿದ್ದ. ಲೋಕಣ್ಣ ಕೂಡದು ಎಂದಿದ್ದರು. ಉಳಿದದ್ದು ಸುಕೇಶನ ಮಾತು. ಪ್ರವಾಸಕ್ಕೆ ಮುಂಚೆ ಅವನೂ ಫ್ರಿಜ್ಜಿನ ಪಕ್ಷವೇ.

ಸುಕೇಶ್ ಹೋಟೆಲಿನ ಅಡುಗೆಯವ. ಹೋಟೆಲಿನ ಕುವೈತಿ ಮಾಲೀಕ ಗೆಳೆಯರೊಂದಿಗೆ ಆಂಡಿಸ್ ಬೆಟ್ಟದಲ್ಲಿ ನಡೆಯಲು ಹೊರಟವ, ಅಡುಗೆಗೆಂದು ಇವನನ್ನೂ ಕರೆದೊಯ್ದಿದ್ದ.

"ಎಂಥ ನೋಡಿದೆ ಮಾರಾಯ ಅಲ್ಲಿ?" ಮೀನುಸಾರು ಬಡಿಸಿಕೊಳ್ಳುತ್ತ ವಿಲ್ಫ್ರೆಡ್ ಕೇಳಿದ.

"ಕಲ್ಲು. ಹತ್ತು ಹೆಜ್ಜೆ ಇಟ್ರೆ ನಾಯಿ ಹಾಗೆ ಏದುಸಿರು."

ಆಮೇಲೆ ತಾಂಬೊದ ಕತೆ ಹೇಳಿದ. ತಾಂಬೊ ಎಂದರೆ ಇಂಕಾ ಅರಸರ ಕಾಲದ ದಾರಿಬದಿಯ ಛತ್ರ. ಮಾಡು ಎಂದೋ ಹೋಗಿ ಗೋಡೆಗಳಷ್ಟೇ ನಿಂತಿದ್ದವು; ಗೋಡೆಯಲ್ಲಿ ಸಾಲಾಗಿ ಗೂಡುಗಳು. ಸುತ್ತಲಿನ ಹಳ್ಳಿಯವರು ಸರದಿಯಲ್ಲಿ ಮೆಕ್ಕೆಜೋಳ, ಒಣಗಿಸಿದ ಆಲೂಗಡ್ಡೆ, ಕಂಬಳಿ ತಂದು ತುಂಬಿಸಲೇಬೇಕಿತ್ತಂತೆ. ಅರಸನ ಕೆಲಸಕ್ಕೆ ಹೋಗುವವರು ಉಂಡು, ಮಲಗಿ, ಮುಂದೆ ನಡೆಯುತ್ತಿದ್ದರಂತೆ. ಗೈಡ್ ಹೆಂಗಸು ಅಷ್ಟು ಹೇಳಿ ಎಲ್ಲರನ್ನೂ ಹೊರಡಿಸಿದ್ದಳು. ಸುಕೇಶ್ ಮಾತ್ರ ಹಿಂದೆ ಉಳಿದು, ತನ್ನ ಗಂಜಿಗೆಂದು ಒಯ್ದಿದ್ದ ಅರ್ಧ ಕಿಲೋ ಕುಚ್ಚಲಕ್ಕಿಯ ಪೊಟ್ಟಣವನ್ನು ಒಂದು ಗೂಡಿನಲ್ಲಿಟ್ಟು ಬಂದ.

"ಸ್ವಲ್ಪ ದೂರ ಹೋಗಿರ್ಲಿಲ್ಲ, ಕಾವಲಿನವ ಸೀಟಿ ಊದಿಕೊಂಡು ಓಡಿ ಬಂದ. ಪೊಟ್ಟಣ ನನ್ನ ಕೈಗಿಟ್ಟು ಅವನ ಭಾಷೆಯಲ್ಲಿ ಬೈದ. ಇಲ್ಲಿ ಕಸ ಬಿಸಾಡ್ಬಾರ್ದು ಅಂತೆ."

ವಿಲ್ಫ್ರೆಡ್‌ಗೆ ನಕ್ಕು ನಕ್ಕು ಅನ್ನ ನೆತ್ತಿಗೇರಿತು. "ಯಾರಿಗೆ ಇಟ್ಟದ್ದಾ ಅದು? ಐನೂರು ವರ್ಷದಿಂದ ಅಲ್ಲಿ ಒಬ್ಬ ಮಲಗಿಲ್ಲ!"

"ಗೊತ್ತುಂಟು. ಹೊರಡುವಾಗ ಕೈ ತನ್ನಷ್ಟಕ್ಕೆ ಹೋಯ್ತು."

ಲೋಕಣ್ಣ ನಗಲಿಲ್ಲ. "ನೀನು ಈ ಮಂಚದಲ್ಲಿ ಎಷ್ಟು ದಿವಸ ಇದ್ದೆ ಸುಕೇಶ?"

"ಒಂದೆರಡು ತಿಂಗಳು."

"ಆರು. ಅಕ್ಕಿ ಹಾಕಿದ್ಯಾ?"

"ನಾನೆಲ್ಲಿ ಹೋದೆ ಲೋಕಣ್ಣ? ಈಚೆ ಮಂಚಕ್ಕೆ ಬಂದದ್ದಲ್ವಾ?"

ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಬೇರೆಯವರು ಅಕ್ಕಿ ಸುರಿಯುವುದನ್ನು ಅವನು ಒಂಬತ್ತು ವರ್ಷ ನೋಡಿದ್ದ. ಅವನು ಮಾತ್ರ ಮೂರಡಿ ಈಚೆಯ ಮಂಚಕ್ಕೆ ಸರಿದಿದ್ದನಷ್ಟೆ. ಹೊರಡುವ ದಿನವೆಂಬುದು ಬರಲೇ ಇಲ್ಲ. ಭೂಮಿಯ ಆಚೆ ಬದಿಯ ಖಾಲಿ ಗೂಡಿನಲ್ಲಿ ಅಕ್ಕಿ ಇಟ್ಟಿದ್ದ, ಇಲ್ಲಿಯ ಡಬ್ಬಿಗೆ ಹಾಕಿರಲಿಲ್ಲ. ಅಖಿಲ್ ತಲೆ ತಗ್ಗಿಸಿ ತಟ್ಟೆಯಲ್ಲಿ ಮುಳ್ಳು ಬಿಡಿಸುತ್ತಿದ್ದ. ಎರಡನೇ ಸಲ ಅನ್ನ ಹಾಕಿಸಿಕೊಂಡಿರಲಿಲ್ಲ. ಆ ಆರು ತಿಂಗಳು ಸುಕೇಶನೂ ಹಾಕಿಸಿಕೊಂಡಿರಲಿಲ್ಲ.

ಕೈ ತೊಳೆದು, ಬ್ಯಾಗಿನಿಂದ ಪೊಟ್ಟಣ ತೆಗೆದು ಡಬ್ಬಿಗೆ ಸುರಿದ.

"ಮಂಚ ಇರ್ಲಿ," ಎಂದ. "ಅಖಿಲ್, ನೋಡು, ನಿನ್ನ ಮೇಲೆ ಕನಿಕರ ಅಂತ ಅಲ್ಲ. ಸಾರಿನ ಪಾತ್ರೆ ದಿನಾ ನಾನೇ ತಿಕ್ಕುದಾ? ಇವತ್ತಿಂದ ನೀನು ತಿಕ್ಕು."

"ಆಯ್ತು ಸುಕೇಶಣ್ಣ," ಎಂದವನು ಎದ್ದೇ ಬಿಟ್ಟ.

"ಕೂತು ಉಣ್ಣು ಮೊದ್ಲು. ಅನ್ನ ಹಾಕಿಕೊ."

"ನನ್ನ ಫ್ರಿಜ್?" ವಿಲ್ಫ್ರೆಡ್ ಕೇಳಿದ.

"ನಿನ್ನ ಮಂಚ ಬಿಚ್ಚಿ ಇಡು."

ವಿಲ್ಫ್ರೆಡ್ ಎದ್ದು ಡಬ್ಬಿಯೊಳಗೆ ಬಗ್ಗಿ ನೋಡಿದ. ಅಕ್ಕಿ ತಳವನ್ನೂ ಸರಿಯಾಗಿ ಮುಚ್ಚಿರಲಿಲ್ಲ.

"ಆರು ತಿಂಗಳಿಗೆ ಅರ್ಧ ಕಿಲೋ! ಥೂ ನಿನ್ನ! ನಾಳೆ ಬರುವಾಗ ಒಂದು ಚೀಲ ತಾ."