ಸೂತಕದ ಕೈಯಲ್ಲಿ ಹುಲಿಯ ಮುಖವಾಡ

೧೯೫೮ರ ಮಾರ್ನೆಮಿಯ, ಅಂದರೆ ನವರಾತ್ರಿಯ, ಎಂಟನೆಯ ದಿನ ಬೆಳಿಗ್ಗೆ, ನನ್ನ ತಮ್ಮ ಐತಪ್ಪ ಬಂಟ್ವಾಳದಲ್ಲಿ ಜ್ವರದಿಂದ ತೀರಿಕೊಂಡನೆಂದು ಬಸ್ಸಿನ ಕಂಡಕ್ಟರ್ ಬಂದು ನನಗೊಬ್ಬನಿಗೇ ಹೇಳಿದ. ಮೂಡುಬಿದಿರೆಯ ನಮ್ಮ ಕೇರಿಯ ಹುಲಿವೇಷದ ತಂಡವನ್ನು ಕಟ್ಟಿದವನು ಅವನೇ. ಅವನ ಜ್ವರ ಇಳಿಯಲೆಂದು ಆ ವರ್ಷ ಆರು ಮಂದಿ ದೇವಿಗೆ ಹುಲಿವೇಷದ ಹರಕೆ ಹೊತ್ತು, ಆಗಲೇ ಮೈತುಂಬ ಬಣ್ಣ ಬರೆಸಿಕೊಂಡು ನನ್ನ ಅಂಗಳದಲ್ಲಿ ನಿಂತಿದ್ದರು. ಸುದ್ದಿ ತಿಳಿದರೆ ಬಣ್ಣ ತೊಳೆದುಬಿಡುತ್ತಾರೆ, ನನ್ನ ತಮ್ಮ ಒಂದು ವರ್ಷವೂ ತಪ್ಪಿಸದ ಸೇವೆ ನಿಲ್ಲುತ್ತದೆ.

ಮುಖವಾಡ ತೊಡಿಸುವುದು ಹಿರಿಯನಾದ ನನ್ನ ಕೆಲಸ. ಸಾವಿನ ಸೂತಕವಿದ್ದವರು ಅದನ್ನು ಮುಟ್ಟಬಾರದು.

“ಬೇಗ ಇಡಿ ಮಾರಾಯ್ರೆ! ತಡವಾದರೆ ಪೇಟೆಯ ತಂಡದವರು ನಮ್ಮನ್ನು ಬೆಕ್ಕುಗಳು ಅಂತಾರೆ” ಎಂದು ಆ ಆರು ಮಂದಿಯಲ್ಲಿ ಒಬ್ಬನಾದ ಲೋಕಯ್ಯ ನಕ್ಕ. “ಐತಪ್ಪಣ್ಣ ಹೇಗಿದ್ದಾರೆ? ಸುದ್ದಿ ಉಂಟಾ?”

“ಜ್ವರ ಬಿಟ್ಟಿದೆಯಂತೆ” ಎಂದೆ.

ಆರು ಮಂದಿಯೂ ಸಂತೋಷದಿಂದ ಕೂಗಿದರು. ನಾನು ಒಬ್ಬೊಬ್ಬರಿಗೂ ಮುಖವಾಡ ತೊಡಿಸಿದೆ. ತಾಸೆ ವಾದ್ಯದ ಬಡಿತಕ್ಕೆ ಕುಣಿಯುತ್ತ ಅವರು ದೇವಿಯ ದೇವಸ್ಥಾನದ ಕಡೆಗೆ ಹೋದರು. ನಾನು ಬಂಟ್ವಾಳದ ಬಸ್ಸು ಹತ್ತಿದೆ.

ತಾಯೇ, ಮೈಲಿಗೆಯೂ ಸುಳ್ಳೂ ನನ್ನವು. ಅವರ ಕುಣಿತವನ್ನು ಒಪ್ಪಿಸಿಕೋ. ನನ್ನ ತಮ್ಮನನ್ನು ನಿನ್ನ ಪಾದದಲ್ಲಿ ನೆಮ್ಮದಿಯಾಗಿ ಇರಿಸಿಕೋ.